ಹಸುವಿನ ಮೂತಿಗೆ ಅಂಟಿದ ಹಸಿರು

ಕಪ್ಪುಕುಳಿಯನ್ನು ಹಸುವಿನ ಪಕ್ಕದಲ್ಲಿ ಕಟ್ಟಿಕೊಂಡವಳು ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಕೆಜಿಎಫ್‌ನ ನಂದಿದುರ್ಗ ಗಣಿಯವರು ಕಾರ್ಮಿಕರಿಗೆಂದು ಕಟ್ಟಿಸಿದ ಲೈನ್ ಮನೆಗಳ ಸಾಲಿನ ಮೇಲ್ತುದಿಯಲ್ಲಿ ಒಂದು ಮನೆ, ಅದರ ಹಿಂದೆ ತಗಡಿನ ಶೆಡ್ಡು. ಅರ್ಧ ಶೆಡ್ಡು ಹಸುವಿಗೆ, ಅರ್ಧ ನನಗೆ. ನಡುವೆ ಎದೆಮಟ್ಟದ ಗೋಡೆ. ಹಸು ಆ ಗೋಡೆಯ ಮೇಲಿಂದ ಕತ್ತು ಚಾಚಿ, ಮೆಲುಕು ಹಾಕುತ್ತಾ ನನ್ನ ಕೆಲಸ ನೋಡುತ್ತಿತ್ತು. ನಾನು ಪಾಠ ಮಾಡುವಾಗ ಅಷ್ಟು ಗಮನ ಕೊಟ್ಟು ನೋಡಿದವರು ಇವತ್ತಿನವರೆಗೆ ಯಾರೂ ಇಲ್ಲ.

ನಾವು ದಾವಣಗೆರೆ ಕಡೆಯವರು. ನನ್ನ ಗಂಡನಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದಕ್ಕೆ ಬಂದೆವು. ಕ್ವಾರ್ಟರ್ಸ್ ಸಿಗದಿದ್ದಕ್ಕೆ ಇದೇ ಸಾಲಿನ ನಡುಭಾಗದಲ್ಲಿ ಬಾಡಿಗೆಗೆ ಇದ್ದೇವೆ. ನಾನು ಬೆಳಗಿನ ಬಸ್ಸಿಗೆ ಬಂಗಾರಪೇಟೆಗೆ ಹೋಗಿ, ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ಮಧ್ಯಾಹ್ನಕ್ಕೆ ವಾಪಸ್ ಬರುವ ಅತಿಥಿ ಉಪನ್ಯಾಸಕಿ. ಅತಿಥಿಗೆ ಒಂದು ಕುರ್ಚಿ ಕೊಟ್ಟರೆ ಸಾಕು ಎಂದು ಕಾಲೇಜಿನವರು ತಿಳಿದಿದ್ದರು. ಪಿಎಚ್‌ಡಿ ಪ್ರಯೋಗಕ್ಕೆ ಮಂಚದಷ್ಟು ದೊಡ್ಡ ನೀರಿನ ತೊಟ್ಟಿ ಇಡಬೇಕು, ಲ್ಯಾಬಿನ ಒಂದು ಮೂಲೆ ಕೊಡಿ ಎಂದಾಗ, ನೆಲ ಸೋರುತ್ತದೆ ಎಂದು ನಯವಾಗಿ ಸಾಗಹಾಕಿದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಆ ವಾರವೇ ಹಾಲಿನ ಅಕ್ಕನ ಶೆಡ್ಡನ್ನು ಬಾಡಿಗೆಗೆ ಹಿಡಿದೆ.

ಅಕ್ಕ ಅಂದರೆ ನಮ್ಮ ಸಾಲಿಗೆಲ್ಲ ಹಾಲು ಹಾಕುತ್ತಿದ್ದವಳು. ಕಾಮಸಮುದ್ರದ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು. ಗಂಡ ಇಲ್ಲಿನ ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯಲ್ಲಿ ಇದ್ದ, ಗಣಿ ಮುಚ್ಚಿದ ಮೇಲೆ ಗಾರೆ ಕೆಲಸಕ್ಕೆ ಹೋಗುತ್ತಿದ್ದ, ಈಗ ಇಲ್ಲ. ಒಂದು ಹಸು, ಒಂದು ಕರು, ಒಂದು ಅಲ್ಯೂಮಿನಿಯಂ ಕ್ಯಾನು, ಅದರ ಕುತ್ತಿಗೆಗೆ ತೂಗುಬಿದ್ದ ಅಳತೆಯ ಲೋಟ, ಇಷ್ಟೇ ಅವಳ ಸಂಸಾರ. ಅವಳ ಊಟ, ಔಷಧಿ, ಕರೆಂಟು ಎಲ್ಲಾ ಆ ಕ್ಯಾನಿನಿಂದಲೇ ಬರಬೇಕು. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವಳು, ಆದರೆ ನಮ್ಮಿಬ್ಬರ ನಡುವೆ ಬಹುವಚನ ಮೊದಲ ವಾರವೇ ಬಿದ್ದುಹೋಗಿತ್ತು.

"ಇದೇನು ಟೀಚರಮ್ಮ, ಇಷ್ಟು ದೊಡ್ಡ ಬಚ್ಚಲು?" ಎಂದು ತೊಟ್ಟಿ ನೋಡಿ ಕೇಳಿದ್ದಳು.

ತಪ್ಪೇನೂ ಇಲ್ಲ. ಅದು ಬಚ್ಚಲೇ. ನಡುವೆ ತೂತು, ಎರಡು ಮೂಲೆಗಳಿಂದ ನೀರು ಒಳಗೆ ಬರುತ್ತದೆ, ತೂತಿನ ಸುತ್ತ ಸುಳಿಯಾಗಿ ತಿರುಗುತ್ತಾ ಇಳಿಯುತ್ತದೆ, ಕೆಳಗೆ ಬಿದ್ದ ನೀರನ್ನು ಪಂಪು ಮತ್ತೆ ಮೇಲೆತ್ತುತ್ತದೆ. ಒಂದು ತುದಿಯಲ್ಲಿ ಹಳೆಯ ಕಾರಿನ ವೈಪರ್ ಮೋಟಾರಿಗೆ ಕಟ್ಟಿದ ಹಲಗೆ. ಅದು ಅಲೆ ಎಬ್ಬಿಸುತ್ತದೆ. ಮೇಲೆ ಬೆಂಗಳೂರಿನ ನನ್ನ ಗೈಡ್ ಎರವಲು ಕೊಟ್ಟ ಕ್ಯಾಮೆರಾ.

ಇದಕ್ಕೂ ಆಕಾಶಕ್ಕೂ ಏನು ಸಂಬಂಧ ಎಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಖಾಲಿ ಎಂದು ನಾವು ಅಂದುಕೊಳ್ಳುವ ಜಾಗ ನಿಜವಾಗಿ ಖಾಲಿಯಲ್ಲ, ಅದರಲ್ಲಿ ಸದಾ ಒಂದು ಸಣ್ಣ ನಡುಕ ಇರುತ್ತದೆ ಎನ್ನುತ್ತದೆ ಕ್ವಾಂಟಂ ಕ್ಷೇತ್ರ ಸಿದ್ಧಾಂತ. ಬ್ಲ್ಯಾಕ್ ಹೋಲ್ ಎನ್ನುತ್ತಾರಲ್ಲ, ಆ ತಿರುಗುವ ಕಪ್ಪುಕುಳಿಯ ಹತ್ತಿರ ಈ ನಡುಕ ಕುಳಿಯ ತಿರುಗಾಟದಿಂದಲೇ ಬಲ ಪಡೆದು ಹಿಗ್ಗಿ ಹೊರಗೆ ಬರಬೇಕು. ಬರುತ್ತದೆಯೋ ಇಲ್ಲವೋ ಎಂದು ಅಲ್ಲಿಗೆ ಹೋಗಿ ನೋಡಿ ಬರುವವರು ಯಾರು? ಆದರೆ ಸುಳಿ ತಿರುಗುವ ನೀರಿನ ಮೇಲೆ ಓಡುವ ಅಲೆಗೂ ಆ ನಡುಕಕ್ಕೂ ಲೆಕ್ಕ ಹೆಚ್ಚುಕಡಿಮೆ ಒಂದೇ. ಆದ್ದರಿಂದ ದೂರದ್ದನ್ನು ಹತ್ತಿರದ್ದರಲ್ಲಿ ನೋಡುವುದು. ನೀರಿನ ಅಲೆ ಸುಳಿಗೆ ತಾಗಿ ದೊಡ್ಡದಾಗಿ ಮರಳಿದರೆ, ಸಿದ್ಧಾಂತದ ಮಾತಿನ ಒಂದು ತುಂಡಾದರೂ ನೀರಿನಲ್ಲಿ ನಿಂತಿತು ಎನ್ನಬಹುದು. ಹೊರದೇಶದಲ್ಲಿ ಆಗಲೇ ನೋಡಿದ್ದಾರೆ. ನನ್ನದು ಅದನ್ನೇ ಬೇರೆ ಆಳದ ನೀರಿನಲ್ಲಿ, ಬಡವರ ಸಾಮಾನಿನಲ್ಲಿ ಮಾಡುವ ಹಟ.

ಅಕ್ಕನಿಗೆ ಹೇಳಿದ್ದು ಇನ್ನೂ ಚಿಕ್ಕದಾಗಿ. ಅಲೆ ಕಳಿಸುತ್ತೇನೆ, ಅದು ದೊಡ್ಡದಾಗಿ ವಾಪಸ್ ಬರುತ್ತದಾ ನೋಡುತ್ತೇನೆ ಎಂದೆ.

"ಕಳಿಸಿದ್ದಕ್ಕಿಂತ ದೊಡ್ಡದಾಗಿ ವಾಪಸ್ ಬರೋದು ನಾವ್ ಆಡಿದ ಮಾತೊಂದೇ ಕಣಮ್ಮ. ನಮ್ಮತ್ತೆ ಕಿವಿಗೆ ಬಿದ್ರೆ ಸಾಕಾಗಿತ್ತು" ಎಂದು ನಕ್ಕಳು. ಆಮೇಲೆ ಸ್ವಲ್ಪ ಯೋಚಿಸಿ, "ಜಾಸ್ತಿ ಆಗಿದ್ದು ಎಲ್ಲಿಂದ ಬತ್ತದೆ?" ಎಂದಳು.

"ಸುಳಿಯಿಂದಲೇ ಅಕ್ಕ. ಅದರ ತಿರುಗಾಟ ಒಂಚೂರು ಕಡಿಮೆಯಾಗುತ್ತದೆ."

"ಪಾಪ, ಅದಕ್ಕೆ ಗೊತ್ತಾಗಲ್ವಾ?"

"ಗೊತ್ತಾಗದಷ್ಟು ಸಣ್ಣದು" ಎಂದೆ. ಆಗ ಹಾಗೆ ಹೇಳುವುದು ಸುಲಭವಾಗಿತ್ತು.

ಬರಿಯ ನೀರಿನ ಮೇಲ್ಮೈ ಕ್ಯಾಮೆರಾಕ್ಕೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ಬಣ್ಣ ಬೆರೆಸಬೇಕು. ಬೆಳಕು ಬಿದ್ದರೆ ಹೊಳೆಯುವ ಹಸಿರು ಬಣ್ಣ, ಚಿಟಿಕೆಯಷ್ಟು ಹಾಕಿದರೆ ತೊಟ್ಟಿಯೆಲ್ಲ ಗಿಳಿಯ ಮೈಯ ಹಾಗೆ ಆಗುತ್ತದೆ. ವಿಷವಲ್ಲ, ಕಣ್ಣಿನ ಡಾಕ್ಟರುಗಳೂ ಇದೇ ಜಾತಿಯ ಬಣ್ಣ ಬಳಸುತ್ತಾರೆ. ಆದರೆ ಅವರದು ಶುದ್ಧ ಮಾಡಿದ್ದು. ನಾನು ತಂದದ್ದು ಬೆಂಗಳೂರಿನ ಒಂದು ಅಂಗಡಿಯಿಂದ, ಅಗ್ಗದ ಡಬ್ಬಿ. ಅದರ ಮೇಲೆ 'ಪ್ರಯೋಗಾಲಯದ ಬಳಕೆಗೆ ಮಾತ್ರ' ಎಂದು ಬರೆದಿತ್ತು. ಎಲ್ಲ ಡಬ್ಬಿಗಳ ಮೇಲೂ ಹಾಗೆಯೇ ಬರೆದಿರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಆದರೆ ಬಣ್ಣದ ನೀರು ಎಂದರೆ ಈ ಕಡೆಯ ಜನಕ್ಕೆ ಮೊದಲೇ ಅನುಮಾನ. ಬಂಗಾರಪೇಟೆಯಲ್ಲಿ ಪಾನಿಪುರಿಯ ಪಾನಿ ಕೂಡ ಬಣ್ಣವಿಲ್ಲದ್ದು. ಕುಡಿಯುವ ನೀರಿನ ಹಾಗೆ ತಿಳಿಯಾಗಿರುತ್ತದೆ, ಬಾಯಿಗಿಟ್ಟ ಮೇಲೆ ಕಣ್ಣಲ್ಲಿ ನೀರು ಬರುತ್ತದೆ. ಬೇರೆ ಊರಿನ ಹಸಿರು ಪಾನಿ ಕಂಡರೆ ನಮ್ಮ ಕಾಲೇಜಿನ ಹುಡುಗಿಯರು ಮೂಗು ಮುರಿಯುತ್ತಾರೆ. ಇನ್ನು ಕೆಜಿಎಫ್‌ನವರ ಭಯವೇ ಬೇರೆ. ಚಿನ್ನ ತೆಗೆದು ಬಿಟ್ಟ ಮಣ್ಣಿನ ಸೈನೈಡ್ ದಿಬ್ಬಗಳು ಊರಿನ ನಡುವೆಯೇ ಗುಡ್ಡಗಳ ಹಾಗೆ ನಿಂತಿವೆ. ಗಾಳಿಗೆ ಅದರ ಧೂಳು ಅಡುಗೆಮನೆಯ ತನಕ ಬರುತ್ತದೆ, ಮಳೆಗೆ ಅದರ ಕೆಸರು ರಸ್ತೆಗೆ ಬರುತ್ತದೆ. ಇದನ್ನು ನಾನು ದಿನಾ ನೋಡುತ್ತಿದ್ದೆ. ನೋಡಿಯೂ ಯೋಚಿಸಲಿಲ್ಲ.

ಈ ವರ್ಷದ ಬೇಸಿಗೆಯ ಶುರುವಿನಲ್ಲಿ, ಟ್ಯಾಂಕರಿನವನು ಬಂದ ಒಂದು ಬೆಳಗ್ಗೆ, ತೊಟ್ಟಿಯ ಹಳೆಯ ನೀರು ಲೋಳೆಗಟ್ಟಿದೆ, ಹೊಸದು ತುಂಬಿಸಿಬಿಡೋಣ ಎಂದು ಕೆಳಗಿನ ಬಿರಡೆ ಕಿತ್ತೆ. ಮಾಮೂಲಿಗೆ ಹಿತ್ತಿಲಿನ ಇಂಗುಗುಂಡಿಗೆ ಬಿಡುತ್ತಿದ್ದೆ. ಅವತ್ತು ಟ್ಯಾಂಕರಿನವನಿಗೆ ಅವಸರ, ನನಗೆ ಅವನಿಗಿಂತ ಅವಸರ. ಪೈಪನ್ನು ಮುಂದಿನ ಚರಂಡಿಗೆ ತಿರುಗಿಸಿದೆ. ನಮ್ಮ ಸಾಲಿನ ಚರಂಡಿ ತೆರೆದದ್ದು, ಮನೆಮನೆಯ ಮುಂದೆ ಹಾದು ಇಳಿಜಾರಿನಲ್ಲಿ ಕೆಳಗೆ ಹೋಗುತ್ತದೆ. ಬಿಸಿಲಿಗೆ ಆ ನೀರು ಬೆಂಕಿ ಹಚ್ಚಿದ ಹಾಗೆ ಹೊಳೆಯುತ್ತಾ ಹರಿಯಿತು.

ಮೊದಲು ಕೂಗಿದ್ದು ಅಕ್ಕನ ಎದುರು ಮನೆಯ ತಾತ. ಗಣಿಯ ಮಿಲ್ಲಿನಲ್ಲಿ ಕೆಲಸ ಮಾಡಿದವರು, ನೀರಿಗೆ ತಣ್ಣಿ, ಆಮೇಲೆ ಎನ್ನಲು ಅಪ್ಪುರಂ ಎಂದು ತಮಿಳು ಬೆರೆಸಿ ಮಾತಾಡುವವರು. "ಅಯ್ಯಯ್ಯೋ, ಸೈನೈಡ್ ತಣ್ಣಿ! ದಿಬ್ಬದ ತಣ್ಣಿ ಬಂದ್ಬುಡ್ತು, ಯಾರೂ ಮುಟ್ಬೇಡಿ!"

ನಾನು ಹೊರಗೆ ಓಡಿ ಬಂದಾಗ ಅಕ್ಕ ಹಸುವಿನ ಹಗ್ಗ ಹಿಡಿದು ಜಗ್ಗುತ್ತಿದ್ದಳು. ನೀರು ಕುಡಿಸಲು ಹೊರಗೆ ಕಟ್ಟಿದ್ದಳಂತೆ. ಅದು ಬಕೆಟ್ಟು ಬಿಟ್ಟು ಚರಂಡಿಗೆ ಬಾಯಿ ಹಾಕಿತ್ತು. ತಲೆ ಎತ್ತಿದಾಗ ಅದರ ಬಿಳಿ ಮೂತಿಯೆಲ್ಲ ಹಸಿರು. ಸಾಲಿಗೆ ಸಾಲೇ ಅದನ್ನು ನೋಡಿತು.

ನಾನು ಒಂದು ಗಳಿಗೆಯೂ ತಡ ಮಾಡಲಿಲ್ಲ, ಅಷ್ಟು ನನ್ನ ಪರವಾಗಿ ಹೇಳಿಕೊಳ್ಳಬಹುದು. "ಇದು ನನ್ನ ತೊಟ್ಟಿಯ ನೀರು. ಬರೀ ಬಣ್ಣ. ಏನೂ ಆಗಲ್ಲ" ಎಂದು ಗಟ್ಟಿಯಾಗಿ ಹೇಳಿದೆ.

ತಾತ ನನ್ನನ್ನು ಕನಿಕರದಿಂದ ನೋಡಿದರು. "ಏನೂ ಆಗಲ್ಲ ಅಂತ ಮೈನ್ಸ್‌ನವ್ರೂ ಹೇಳಿದ್ರಮ್ಮಾ. ಬರೀ ಧೂಳು ಅಂದ್ರು. ಅಪ್ಪುರಂ ನಮ್ಮ ಎದೆ ನೋಡಿದ್ರೆ ಒಳಗೆಲ್ಲಾ ಅದೇ."

"ಸೈನೈಡ್ ಹಸಿರಾಗಿರಲ್ಲ ತಾತ."

"ನೀನು ನೋಡಿದೀಯಾ?"

ನೋಡಿರಲಿಲ್ಲ. ಸಿಟ್ಟು ಬಂತು. ಇಷ್ಟು ವರ್ಷ ಯಾರು ಯಾರೋ ಸುಳ್ಳು ಹೇಳಲು ಬಳಸಿದ ಮಾತಿನಲ್ಲೇ ನಾನು ನಿಜ ಹೇಳುತ್ತಿದ್ದೆ; ಅವರಾದರೂ ಹೇಗೆ ನಂಬುವುದು? ಒಳಗೆ ಹೋಗಿ ಸ್ಟೀಲ್ ಲೋಟದಲ್ಲಿ ತೊಟ್ಟಿಯ ತಳದ ನೀರು ಮೊಗೆದು ತಂದು, ಎಲ್ಲರ ಮುಂದೆ ಗಟಗಟ ಕುಡಿದೆ. ತುಕ್ಕು, ಪಂಪಿನ ಎಣ್ಣೆ, ಲೋಳೆ. ವಾಂತಿ ತಡೆದುಕೊಂಡು ಲೋಟ ಬೋರಲು ಹಾಕಿ ತೋರಿಸಿದೆ. ಒಬ್ಬಿಬ್ಬರು ಚಪ್ಪಾಳೆ ತಟ್ಟಿದರು. ನನಗೂ ಸ್ವಲ್ಪ ಹೆಮ್ಮೆಯಾಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಸಂಜೆ ಅಕ್ಕನ ಹಾಲು ಯಾರೂ ತೆಗೆದುಕೊಳ್ಳಲಿಲ್ಲ.

ಮರುದಿನ ಬೆಳಗ್ಗೆಯೂ ಇಲ್ಲ. ಬಾಗಿಲು ತೆರೆದು, ಅಯ್ಯೋ ಇವತ್ತು ಬೇಡ ಅಕ್ಕ, ಊರಿಗೆ ಹೋಗ್ತಿದ್ದೀವಿ ಎನ್ನುವವರು, ಬಾಗಿಲೇ ತೆಗೆಯದವರು. ಮೂಲೆಯ ಟೀ ಅಂಗಡಿಯವನು ಪ್ಯಾಕೆಟ್ಟಿಗೆ ತಿರುಗಿದ. ಯಾರೂ ಕೆಟ್ಟ ಮಾತಾಡಲಿಲ್ಲ. ಹಸು ಮಾತ್ರ ಆರೋಗ್ಯವಾಗಿ ಮೇಯುತ್ತಾ ಇತ್ತು, ಹಾಲೂ ಎಂದಿನಷ್ಟೇ ಕೊಡುತ್ತಿತ್ತು. ಅದೇ ಸಂಕಟ. ಕರೆಯದೆ ಬಿಡುವ ಹಾಗಿಲ್ಲ, ಕರೆದರೆ ಕೊಳ್ಳುವವರಿಲ್ಲ. ನಾನು ಮನೆಮನೆಗೆ ಹೋಗಿ ವಿವರಿಸಿದೆ. ಪಾಠ ಮಾಡುವ ಚಟ, ಕೇಳಬೇಕೆ. ಎಲ್ಲರೂ ಚೆನ್ನಾಗಿ ಕೇಳಿಸಿಕೊಂಡು, ಕಾಫಿ ಕೊಟ್ಟು ಕಳಿಸಿದರು. ಪ್ಯಾಕೆಟ್ ಹಾಲಿನ ಕಾಫಿ.

ಆಗ ಅಕ್ಕನೇ ಒಂದು ದಾರಿ ಹುಡುಕಿದಳು. "ನೀನು ಕುಡ್ದಿದ್ದು ನೋಡಿ ಅವ್ರಿಗೆ ನಂಬಿಕೆ ಬಂದಿಲ್ಲಮ್ಮ. ನೀನು ದೊಡ್ಡೋಳು, ಓದ್ದೋಳು, ಹಟಕ್ಕೆ ಬಿದ್ರೆ ಏನಾದ್ರೂ ಕುಡೀತೀಯ. ನಿನ್ ಕೂಸು ಕುಡೀಲಿ. ಟೀಚರಮ್ಮನ ಮನೆ ಕೂಸು ನಮ್ ಅಸೀನ ಆಲು ಕುಡೀತೈತೆ ಅಂದ್ರೆ ಎಲ್ಲಾರೂ ತಗೊಂತಾರೆ. ನಾಳೆ ನಿಮ್ ಮನೇಗೇ ಮೊದ್ಲು ಬತ್ತೀನಿ. ಎಲ್ಲಾರೂ ಎದ್ದಿರೋ ಒತ್ನಲ್ಲಿ."

ನನಗೆ ಆಶ್ಚರ್ಯವಾಯಿತು. ನಾನು ಮಾಡುತ್ತಿದ್ದದ್ದೂ ಅದೇ ಅಲ್ಲವೇ? ಹೋಗಿ ನೋಡಲಾಗದ್ದನ್ನು ಕಣ್ಣೆದುರಿನ ಇನ್ನೊಂದರಲ್ಲಿ ನೋಡುವುದು. ಅವರಿಗೆ ನನ್ನ ಮಗಳೇ ತೊಟ್ಟಿ. "ಬಾ ಅಕ್ಕ, ಖಂಡಿತ ಬಾ" ಎಂದೆ. ಹೇಳುವಾಗ ಮನಸ್ಸಿನಲ್ಲಿ ಯಾವ ಕಪಟವೂ ಇರಲಿಲ್ಲ.

ಬೆಳಗ್ಗೆ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಒಗೆದ ಸೀರೆ ಉಟ್ಟು, ಕ್ಯಾನನ್ನು ಹುಣಸೆಹಣ್ಣು ಹಾಕಿ ಫಳಫಳ ಬೆಳಗಿಕೊಂಡು. ತಾತ ನಮ್ಮ ಎದುರಿನ ಜಗುಲಿಗೆ ಬಂದು ಕೂತಿದ್ದರು. ಅತ್ತಿತ್ತ ಮನೆಯವರು ನೆಲ ಗುಡಿಸುವ ನೆಪದಲ್ಲಿ ಹೊರಗಿದ್ದರು. ನಾನು ಪಾತ್ರೆ ಹಿಡಿದೆ, ಅವಳು ಅಳೆದು, ಮೇಲೆ ಕೊಸರೂ ಹಾಕಿದಳು. ನನ್ನ ನಾಲ್ಕು ವರ್ಷದ ಮಗಳು ಬಾಗಿಲಲ್ಲಿ ನಿಂತು "ನಂಗೆ ಹಾಲೂ" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದಳು. ಅಕ್ಕನ ಮುಖ ನೋಡಬೇಕಿತ್ತು. ಕ್ಯಾನು ಸೊಂಟಕ್ಕೇರಿಸಿಕೊಂಡು ಮುಂದಿನ ಮನೆಗೆ ಹೋದಳು. ಅಲ್ಲಿ ಪಾತ್ರೆ ಹೊರಗೆ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಅದರ ಮುಂದಿನ ಮನೆಯಲ್ಲೂ.

ಹಾಲು ಕಾಯಿಸಿದೆ. ಉಕ್ಕಿತು. ಆರಿಸಿದೆ, ಕೆನೆ ಕಟ್ಟಿತು. ಬೆಳಕಿಗೆ ಹಿಡಿದು ನೋಡಿದೆ, ಅಪ್ಪಟ ಬಿಳುಪು. ಮಗಳ ಲೋಟಕ್ಕೆ ಬಗ್ಗಿಸಿ, ಸಕ್ಕರೆ ಹಾಕಿ ಕಲಕಿದೆ. ಅವಳು ಕೈ ಚಾಚಿದಳು. ಆಗ ನನಗೆ ಆ ಡಬ್ಬಿಯ ಮೇಲಿನ ಬರಹ ನೆನಪಾಯಿತು.

ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಸು ಕುಡಿದದ್ದು ಎಷ್ಟು, ಅದರಲ್ಲಿ ಬಣ್ಣ ಎಷ್ಟು, ಹಾಲಿಗೆ ಬರುವುದು ಎಷ್ಟು ಎಂಬ ಲೆಕ್ಕವನ್ನು ನಾನು ಮನೆಮನೆಗೆ ಹೋಗಿ ಹೇಳಿ ಬಂದಿದ್ದೆ. ಆದರೂ ಅಗ್ಗದ ಡಬ್ಬಿ, ಅದರಲ್ಲಿ ಇನ್ನೇನು ಬೆರೆತಿದೆಯೋ, ಇವಳು ಇಷ್ಟು ಚಿಕ್ಕವಳು. ಕೈ ಮುಂದೆ ಹೋಗಲೇ ಇಲ್ಲ. "ಬಿಸಿ ಇದೆ ಪುಟ್ಟಾ" ಎಂದು ಸುಳ್ಳು ಹೇಳಿ, ಅವಳಿಗೆ ಬಿಸ್ಕತ್ತು ಕೊಟ್ಟು ಕೂರಿಸಿ, ಲೋಟದ ಹಾಲನ್ನೂ ಪಾತ್ರೆಯ ಹಾಲನ್ನೂ ಸಿಂಕಿಗೆ ಸುರಿದೆ.

ಸುರಿದು, ಕೈ ಕಟ್ಟಿಕೊಂಡು ನಿಂತೆ. ಬೇರೆ ಊರಿನಲ್ಲಾಗಿದ್ದರೆ ನಲ್ಲಿ ತಿರುಗಿಸಿಬಿಡುತ್ತಿದ್ದೆ, ಹಿಂದೆಯೇ ನೀರು ಹೋಗಿ ಎಲ್ಲ ತೊಳೆದುಹೋಗುತ್ತಿತ್ತು. ಇಲ್ಲಿ ನಲ್ಲಿಯಲ್ಲಿ ನೀರು ಬಂದು ಎಷ್ಟೋ ದಿನವಾಗಿತ್ತು. ಈ ಸಾಲಿನಲ್ಲಿ ಸಿಂಕಿಗೆ ಸುಮ್ಮನೆ ಒಂದು ಚೊಂಬು ನೀರು ಸುರಿಯುವ ಹೆಂಗಸು ಯಾರೂ ಇಲ್ಲ. ನನಗೂ ಅದೇ ಅಭ್ಯಾಸವಾಗಿತ್ತು. ಟ್ಯಾಂಕರ್‌ಗಟ್ಟಲೆ ನೀರನ್ನು ಸುಳಿ ತಿರುಗಿಸಿದವಳು ಅವತ್ತು ಒಂದು ಚೊಂಬು ಉಳಿಸಿದೆ. ಹಾಲು ಹಾಲಾಗಿಯೇ, ಗೆರೆ ಎಳೆದ ಹಾಗೆ, ಮುಂದಿನ ಚರಂಡಿಗೆ ಇಳಿಯಿತು.

ನಾನು ಕಿಟಕಿಗೆ ಬಂದಾಗ ಅದು ಆಗಲೇ ಪಕ್ಕದ ಮನೆಗಳನ್ನು ದಾಟಿತ್ತು. ಒಣಗಿದ ಕಪ್ಪು ಚರಂಡಿಯಲ್ಲಿ ಬಿಳಿ ನೀರು, ಮೇಲೆ ಕೆನೆಯ ಚೂರು. ಪಾತ್ರೆ ಹಿಡಿದು ನಿಂತಿದ್ದ ಒಬ್ಬಾಕೆ ಬಗ್ಗಿ ನೋಡಿದಳು, ನಮ್ಮ ಮನೆಯ ಕಡೆ ನೋಡಿದಳು, ಪಾತ್ರೆ ತೆಗೆದುಕೊಂಡು ಒಳಗೆ ಹೋದಳು. ಅಕ್ಕ ಕೆಳಗಿನ ಮನೆಗಳಿಂದ ತಿರುಗಿ ಬರುತ್ತಿದ್ದಳು. ಚರಂಡಿಯ ಪಕ್ಕ ನಿಂತಳು. ಆಮೇಲೆ ಆ ಬಿಳಿ ಗೆರೆಯನ್ನೇ ಹಿಡಿದು ನಡೆದು ಬಂದು ನನ್ನ ಬಾಗಿಲಲ್ಲಿ ನಿಂತಳು.

ಬೈದಿದ್ದರೆ ನನಗೂ ಒಂದು ಮಾತು ಸಿಗುತ್ತಿತ್ತು. ಬೈಯಲಿಲ್ಲ.

"ಬ್ಯಾಡ ಅಂದಿದ್ರೆ ಆಗಿತ್ತು" ಎಂದಳು. "ಕರುನಾದ್ರೂ ಕುಡೀತಿತ್ತು."

ನಾನು ಏನೋ ತೊದಲಿದೆ. ಡಬ್ಬಿ, ಮಗು, ನನ್ನದೇ ತಪ್ಪು, ಕ್ಷಮಿಸು. ಅವಳು ನನ್ನ ಮಗಳ ಕೈಯಲ್ಲಿದ್ದ ಬಿಸ್ಕತ್ತು ನೋಡಿ, ಮಗುವಿನ ತಲೆ ಸವರಿ ಹೋದಳು. ಅವತ್ತು ಬೆಳಗ್ಗೆ ಹಾಲು ತೆಗೆದುಕೊಂಡವರೂ ಅದನ್ನು ಚೆಲ್ಲಿದರು ಎಂದು ಆಮೇಲೆ ಗೊತ್ತಾಯಿತು. ಅವರು ಮಾತ್ರ ಹಿಂದೆಯೇ ಒಂದು ಚೊಂಬು ನೀರು ಹಾಕಿದ್ದರು.

ನನ್ನ ಗಂಡ, "ತಾಯಿಯಾದವಳು ಯಾರಾದರೂ ಅದನ್ನೇ ಮಾಡುತ್ತಿದ್ದರು" ಎಂದ. ಸಮಾಧಾನ ಮಾಡುವವರೆಲ್ಲ ಹೀಗೆ ಸುಲಭದ ಮಾತು ಹೇಳುತ್ತಾರೆ. ತಾಯಿಯಾಗಿ ಚೆಲ್ಲುವವಳು ಮೇಷ್ಟ್ರಾಗಿ ಮಾತು ಕೊಡಬಾರದಿತ್ತು. ಸಾಲಿನವರಿಗೆ ಇದ್ದದ್ದು ಅನುಮಾನ. ಅದನ್ನು ರುಜುವಾತು ಮಾಡಿಕೊಟ್ಟವಳು ನಾನು. ಅವರ ಪ್ರಯೋಗದಲ್ಲಿ ಉತ್ತರ ಬಂದುಬಿಟ್ಟಿತ್ತು, ತಪ್ಪು ಉತ್ತರ, ಅದನ್ನು ಇನ್ನು ಯಾವ ಪಾಠವೂ ತಿದ್ದುವ ಹಾಗಿರಲಿಲ್ಲ.

ಕೆಲವು ವಾರ ಕರು ಚೆನ್ನಾಗಿ ಹಾಲು ಕುಡಿದು ದುಂಡಗಾಯಿತು. ಆಮೇಲೆ ಒಂದು ದಿನ ಟೆಂಪೋ ಬಂತು. ಕಾಮಸಮುದ್ರದ ಆಚೆಯ ಯಾರಿಗೋ ಅಕ್ಕ ಹಸು ಕರು ಎರಡನ್ನೂ ಮಾರಿದಳು. ಈ ಸುದ್ದಿ ಮುಟ್ಟದ ಊರು ಬೇಕಿತ್ತು ಅವಳಿಗೆ. ಹಸು ಟೆಂಪೋ ಹತ್ತಲು ಹಟ ಮಾಡಿತು. ನಾನೂ ಹಿಂದಿನಿಂದ ತಳ್ಳಿದೆ. ಈಗ ಅಕ್ಕ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಕೂಲಿಗೆ ಹೋಗುತ್ತಾಳೆ. ಶೆಡ್ಡು ಖಾಲಿ ಮಾಡು ಎಂದು ಹೇಳಲಿಲ್ಲ. ನಾನು ದುಡ್ಡು ಕೊಡಲು ಹೋದಾಗ ಬಾಡಿಗೆಯನ್ನಷ್ಟೇ ತೆಗೆದುಕೊಂಡು ಮಿಕ್ಕದ್ದನ್ನು ನನ್ನ ಅಂಗೈಗೇ ಒತ್ತಿದಳು. ನನ್ನನ್ನು ಈಗ "ನೀವು" ಎನ್ನುತ್ತಾಳೆ.

ಪ್ರಯೋಗ ಕೈಗೂಡಿತು. ಅದನ್ನೂ ಹೇಳಬೇಕು. ಹಸು ಹೋದ ಮೇಲೆ ಶೆಡ್ಡು ನಿಶ್ಶಬ್ದವಾಗಿತ್ತು, ಕಾಲು ಬಡಿಯುವವರಿಲ್ಲ, ನೀರು ನಡುಗುವುದಿಲ್ಲ. ಅಳತೆಗಳು ಹಿಂದೆಂದೂ ಬಾರದಷ್ಟು ಶುದ್ಧವಾಗಿ ಬಂದವು. ಅಲೆ ಸುಳಿಗೆ ತಾಗಿ, ಕಳಿಸಿದ್ದಕ್ಕಿಂತ ದೊಡ್ಡದಾಗಿ ಮರಳಿತು. ಗೈಡ್ ಫೋನಿನಲ್ಲಿ ಕುಣಿದಾಡಿದರು. ಜಾಗ ಬದಲಾಯಿಸಿದಿರಾ, ಕಂಪನವೇ ಇಲ್ಲವಲ್ಲ ಎಂದು ಕೇಳಿದರು. ಹೌದು ಸರ್, ಸ್ವಲ್ಪ ಬದಲಾಗಿದೆ ಎಂದೆ.

ಹೋದ ಭಾನುವಾರ ಅಕ್ಕ ಶೆಡ್ಡು ಗುಡಿಸಲು ಬಂದಳು. ಹಸುವಿನ ಭಾಗವನ್ನು ಈಗಲೂ ಗುಡಿಸುತ್ತಾಳೆ. ಪಂಪು ಓಡುತ್ತಿತ್ತು. ಪೊರಕೆ ಗೋಡೆಗೆ ಒರಗಿಸಿ ತೊಟ್ಟಿಯ ಹತ್ತಿರ ಬಂದಳು.

"ದೊಡ್ಡದಾಗಿ ವಾಪಸ್ ಬಂತಾ?"

"ಬಂತು ಅಕ್ಕ."

ಸುಳಿಯನ್ನೇ ನೋಡುತ್ತಾ ನಿಂತಳು. "ಅವತ್ತಿಂದೇ ಬಣ್ಣಾನಾ ಇದು?"

"ಅದೇ ಡಬ್ಬಿಯದು."

ನಾನು ಬೇಡ ಎನ್ನುವಷ್ಟರಲ್ಲಿ ಬಗ್ಗಿ, ಬೊಗಸೆ ತುಂಬ ಹಸಿರು ನೀರೆತ್ತಿ ಕುಡಿದಳು. ತುಟಿಯೆಲ್ಲ ಹಸಿರಾಯಿತು. ಸೆರಗಿನಿಂದ ಒರೆಸಿಕೊಂಡಳು.

"ಏನೂ ಇಲ್ಲ ಬಿಡಿ ಇದ್ರಾಗೆ" ಎಂದಳು. "ನೀವು ಕುಡುದ್ರಲ್ಲ, ನಾನಂತೂ ಅವತ್ತೇ ನಂಬಿದ್ದೆ."

ಪೊರಕೆ ತೆಗೆದುಕೊಂಡು ಗೋಡೆಯ ಆಚೆ ಹೋಗಿ, ಖಾಲಿ ಗೂಟದ ಸುತ್ತ ಗುಡಿಸತೊಡಗಿದಳು.